ಸೊಣ್ಣಪ್ಪನ ತಿರುಪುಳಿ

ಗುಮ್ಮಳಾಪುರದ ಸೊಣ್ಣಪ್ಪ ಸಂಗೀತವನ್ನು ಸ್ಕ್ರೂಡ್ರೈವರಿನಿಂದ ಕೇಳುತ್ತಾನೆ. ಉತ್ಪ್ರೇಕ್ಷೆ ಎನ್ನಬೇಡಿ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಹೊಸೂರಿನ ಒಂದು ಕಲ್ಯಾಣಮಂಟಪದಲ್ಲಿ ವರ್ಷಕ್ಕೊಮ್ಮೆ, ಮಾಘಮಾಸದ ಭಾನುವಾರ ಬೆಳಗ್ಗೆ, ದಿವಂಗತ ವೆಂಕಟೇಶಪ್ಪನವರ ಸ್ಮರಣಾರ್ಥ ಜಾಜ್ ಕಚೇರಿ ನಡೆಯುತ್ತದೆ. ಸಭಿಕರೆಲ್ಲ ಕುರ್ಚಿಗಳಲ್ಲಿ ಸುಖಾಸೀನರಾಗಿರುವಾಗ ಇವನೊಬ್ಬ ವೇದಿಕೆಯ ಎಡಮೂಲೆಗೆ ಒತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಮೊಳದುದ್ದದ ಸ್ಕ್ರೂಡ್ರೈವರಿನ ಮೊನೆಯನ್ನು ವೇದಿಕೆಯ ಹಲಗೆಗೆ ಊರಿ, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕಣ್ಣು ಮುಚ್ಚಿಬಿಡುತ್ತಾನೆ. ಈ ಸೀಮೆಯಲ್ಲಿ ಸ್ಕ್ರೂಡ್ರೈವರಿಗೆ ತಿರುಪುಳಿ ಎನ್ನುತ್ತಾರೆ. ಮೊದಲ ಸಲ ನೋಡಿದಾಗ, ಮೈಕು ಕೆಟ್ಟಿರಬೇಕು, ರಿಪೇರಿಯವನು ಬಂದಿದ್ದಾನೆ ಎಂದುಕೊಂಡೆ. ಕಚೇರಿ ಮುಗಿಯುವವರೆಗೂ ಆಸಾಮಿ ಏಳಲಿಲ್ಲ.

ಮೂವತ್ತೊಂದು ವರ್ಷ ಹೊಸೂರಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ಮಾಡಿದವನು ಅವನು. ಓಡುತ್ತಿರುವ ಯಂತ್ರದ ಒಡಲಿಗೆ ತಿರುಪುಳಿ ಊರಿ, ಹಿಡಿಗೆ ಕಿವಿ ಕೊಟ್ಟು, ಒಳಗಿನ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುವುದು ಆ ಕಸುಬಿನವರ ಹಳೆಯ ವಿದ್ಯೆ. ಸೊಣ್ಣಪ್ಪ ಅದರಲ್ಲಿ ಎಷ್ಟು ಪಳಗಿದ್ದನೆಂದರೆ, ಅವನು ಕಿವಿ ಕೊಟ್ಟು ತಲೆಯಾಡಿಸಿದರೆ ಎಂಜಿನಿಯರುಗಳು ಮರುಮಾತಾಡದೆ ಯಂತ್ರ ನಿಲ್ಲಿಸುತ್ತಿದ್ದರಂತೆ. ನಡೆಯುವಾಗಲೂ ಒಂದು ಕಿವಿಯನ್ನು ನೆಲದ ಕಡೆ ಓರೆ ಮಾಡಿಕೊಂಡೇ ನಡೆಯುತ್ತಾನೆ. ಪ್ರತಿ ಮಾತಿನ ಕೊನೆಗೆ ‘ಕೇಳುಸ್ತಾ?’ ಎನ್ನುವುದು ಅವನ ಚಾಳಿ. ಯಂತ್ರಗಳ ಗದ್ದಲದಲ್ಲಿ ಅಂಟಿಕೊಂಡ ಮಾತು, ಗುಮ್ಮಳಾಪುರದ ರಾಗಿ ಹೊಲದ ನಿಶ್ಶಬ್ದದಲ್ಲೂ ಬಿಟ್ಟುಹೋಗಿಲ್ಲ.

ಇನ್ನು ವೆಂಕಟೇಶಪ್ಪನವರು. ತೊರಪಲ್ಲಿಯ ಕಡೆಯ ರೈತರ ಮನೆಯಲ್ಲಿ ಹುಟ್ಟಿ, ಅದೇ ಕಾರ್ಖಾನೆಯಲ್ಲಿ ದುಡಿಯುತ್ತಾ, ರಜೆಯ ದಿನಗಳಲ್ಲಿ ಬೆಂಗಳೂರಿನ ದಂಡಿನ ಮುದುಕ ಬ್ಯಾಂಡ್‌ಮಾಸ್ಟರೊಬ್ಬರ ಬಳಿ ಡಬಲ್ ಬೇಸ್ ಕಲಿತ ವಿಚಿತ್ರ ಪುರುಷ. ಡಬಲ್ ಬೇಸ್ ಎಂದರೆ ಪಿಟೀಲಿನ ದೊಡ್ಡಣ್ಣ. ಆಳಿಗಿಂತ ಎತ್ತರ, ನಿಂತೇ ನುಡಿಸಬೇಕು. ಜಾಜ್ ತಂಡದಲ್ಲಿ ತುತ್ತೂರಿಯವನಿಗೆ ಚಪ್ಪಾಳೆ, ಪಿಯಾನೋದವನಿಗೆ ಹೂಗುಚ್ಛ. ಬೇಸಿನವನು ಹಿಂದೆ ನಿಂತು ಇಡೀ ಮಂಟಪದ ತೂಕವನ್ನು ಹೊತ್ತ ಅಡಿಗಲ್ಲಿನಂತೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಾನೆ. ವಾದ್ಯವನ್ನು ಬಟ್ಟೆಯ ಚೀಲದಲ್ಲಿ ನಿಲ್ಲಿಸಿಕೊಂಡು ಅವರು ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಂಡಕ್ಟರನೊಬ್ಬ ಮುಂದಿನಿಂದ, ‘ಯಾರುಪ್ಪಾ ಅಂದ ಅಮ್ಮಾ? ಉಕ್ಕಾರ ಸೊಲ್ಲು’ ಎಂದು ತಮಿಳಿನಲ್ಲಿ ಕೂಗಿದ್ದನಂತೆ, ಯಾರಪ್ಪಾ ಆ ಅಮ್ಮ, ಕೂರೋಕೆ ಹೇಳು ಎಂದು. ‘ನಮ್ಮಮ್ಮಂಗೆ ಕೂರೋಕ್ ಬರಲ್ಲಪ್ಪ’ ಎಂದು ಇವರು ಉತ್ತರ ಕೊಟ್ಟರಂತೆ.

ಇವರಿಬ್ಬರ ಸ್ನೇಹ ಕೂಡಿದ್ದು ಕಾರ್ಖಾನೆಯ ಆಯುಧಪೂಜೆಯ ದಿನ, ವೆಂಕಟೇಶಪ್ಪನವರು ಅಲ್ಲಿ ನುಡಿಸಿದಾಗ. ವೆಂಕಟೇಶಪ್ಪನವರು ಯಾವ ಕಚೇರಿಯನ್ನಾಗಲಿ, ಅತ್ಯಂತ ದಪ್ಪ ತಂತಿಯ ಮೇಲೆ ಕಮಾನಿನಿಂದ ಒಂದೇ ಒಂದು ದೀರ್ಘ ಸ್ವರವನ್ನು ಎಳೆದು ಆರಂಭಿಸುತ್ತಿದ್ದರು. ಆಮೇಲೆ ಕಮಾನನ್ನು ಕೆಳಗಿಟ್ಟು ಬೆರಳುಗಳಿಂದ ಮೀಟುತ್ತಿದ್ದರು. ಆ ದಿನ ಆ ಸ್ವರ ಹೊರಟಾಗ ಸೊಣ್ಣಪ್ಪ ತಡೆಯಲಾರದೆ ಹೋಗಿ ತಿರುಪುಳಿಯನ್ನು ವೇದಿಕೆಗೆ ಊರಿದ. ಕೊನೆಗೆ ಹತ್ತಿರ ಹೋಗಿ, ‘ಅಣ್ಣಾ, ನಿಮ್ ಬೇರಿಂಗು ಬೋ ಚೆನ್ನಾಗೈತೆ’ ಎಂದ. ವೆಂಕಟೇಶಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತಮ್ಮ ಬದುಕಿನಲ್ಲಿ ಇಂಥ ಹೊಗಳಿಕೆ ಕೇಳಿಲ್ಲವೆಂದು ಅವನನ್ನು ಅಪ್ಪಿಕೊಂಡರಂತೆ. ಅಂದಿನಿಂದ ಅವರು ಎಲ್ಲಿ ನುಡಿಸಿದರೂ ವಾದ್ಯದ ಒಂದು ತುದಿಗೆ ಸೊಣ್ಣಪ್ಪನ ಹೆಗಲು ಇದ್ದೇ ಇರುತ್ತಿತ್ತು.

ಏಳು ವರ್ಷದ ಹಿಂದೆ ವೆಂಕಟೇಶಪ್ಪನವರು ತೀರಿಕೊಂಡರು. ವಾದ್ಯ ಅವರ ಮನೆಯ ನಡುಮನೆಯಲ್ಲಿ ನಿಂತಿತು. ಶುಕ್ರವಾರ ತಪ್ಪಿದರೂ ಸೊಣ್ಣಪ್ಪ ತಪ್ಪಲಿಲ್ಲ: ಬೆಳಗ್ಗೆ ಒಂಬತ್ತಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ವಾದ್ಯವನ್ನು ಗಂಟೆಗಟ್ಟಲೆ ಒರೆಸಿ, ವೆಂಕಟೇಶಪ್ಪನವರ ಹೆಂಡತಿ ಶ್ಯಾಮಲಮ್ಮನವರು ಕೊಟ್ಟ ಕಾಫಿ ಕುಡಿದು, ಬಸ್ಸು ಹತ್ತುತ್ತಿದ್ದ. ಎಪ್ಪತ್ತೆಂಟರ ಆ ಹಿರಿಯರು ನನ್ನೊಡನೆ ಒಮ್ಮೆ ಹೇಳಿದ್ದರು: ‘ಹೊಟ್ಟೇಲುಟ್ಟಿದ ಮಕ್ಳೂ ಇಂಗೆ ನೋಡ್ಕಳಲ್ಲ, ಮೇಷ್ಟ್ರೇ.’

ಸ್ಮರಣೆಯ ಕಚೇರಿಯಲ್ಲಿ ಆ ವಾದ್ಯಕ್ಕೆ ಹಾರ ಹಾಕಿ, ಕುಂಕುಮವಿಟ್ಟು, ಭಾವಚಿತ್ರದ ಪಕ್ಕದಲ್ಲಿ ನಿಲ್ಲಿಸುವುದು ರೂಢಿಯಾಯಿತು. ಹೊರಗಿನ ಕಲಾವಿದರು ತಮ್ಮ ತಮ್ಮ ವಾದ್ಯ ತಂದು ನುಡಿಸುತ್ತಿದ್ದರು. ಇದನ್ನು ಯಾರೂ ಮುಟ್ಟುತ್ತಿರಲಿಲ್ಲ. ದೇವರ ಹತ್ತಿರ ಯಾರಾದರೂ ಹಾಡು ಹೇಳು ಎನ್ನುತ್ತಾರೆಯೇ? ಕಚೇರಿಯ ದಿನ ಸೊಣ್ಣಪ್ಪನದು ಕಂದು ಬಣ್ಣದ ಕೋಟು, ನಿವೃತ್ತಿಯ ಸಮಾರಂಭಕ್ಕೆ ಹೊಲಿಸಿದ್ದು. ತೋಳು ಗೇಣುದ್ದ ಹೆಚ್ಚಾಗಿ ಬೆರಳುಗಳನ್ನು ನುಂಗಿಕೊಂಡಿರುತ್ತದೆ. ಕಚೇರಿ ಮುಗಿಯುತ್ತಲೇ ದಪ್ಪನೆಯ ನೋಟ್ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತುಬಿಡುತ್ತಿದ್ದ. ‘ಏನನ್ನುಸ್ತೋ ಬರ್ದುಬುಟ್ಟು ವೋಗಿ. ಕೇಳುಸ್ತಾ?’ ಬರೆಯದೆ ಊಟಕ್ಕೆ ಹೋಗುವಂತಿಲ್ಲ. ಅಕ್ಷರ ಬಾರದವರು ಹೇಳಿದರೆ ತಾನೇ ಬರೆದುಕೊಳ್ಳುತ್ತಿದ್ದ, ಕನ್ನಡ ತಮಿಳು ತೆಲುಗು ಮೂರನ್ನೂ ಕನ್ನಡ ಲಿಪಿಯಲ್ಲೇ.

ಆ ಪುಸ್ತಕವನ್ನು ನಾನು ಓದಿದ್ದೇನೆ. ವಿಮರ್ಶಕರು ಓದಿದ್ದರೆ ಸ್ವಲ್ಪ ನಾಚಿಕೊಳ್ಳುತ್ತಿದ್ದರು. ಹಾರ ಕಟ್ಟಿಕೊಡುವ ಮುನಿರತ್ನಮ್ಮ ಹೇಳಿ ಬರೆಸಿದ್ದಾಳೆ: ‘ಹಾಡೇ ಇಲ್ಲ, ಮಾತೇ ಇಲ್ಲ, ಆದ್ರೂ ನಮ್ಮಪ್ಪ ನೆನ್ಪಾದ.’ ಸೂಳಗಿರಿಯಿಂದ ಬರುವ ತೆಲುಗಿನ ರೈತರೊಬ್ಬರು, ‘ಭೂಮಿ ಲೋಪಲನುಂಚಿ ವಚ್ಚಿನಟ್ಟು ಉಂದಿ’ ಎಂದಿದ್ದಾರೆ. ನೆಲದೊಳಗಿಂದ ಬಂದ ಹಾಗಿತ್ತು ಎಂದು. ಇನ್ನೊಬ್ಬರು ಖಂಡಿತವಾಗಿ, ‘ಚೆನ್ನಾಗಿತ್ತು, ಆದರೆ ನಮ್ಮ ವೆಂಕಟೇಶಪ್ಪನಷ್ಟು ಇಲ್ಲ’ ಎಂದು ಐದು ವರ್ಷವೂ ಅದೇ ವಾಕ್ಯ ಬರೆದಿದ್ದಾರೆ. ನಾನು ಬರೆದದ್ದು ಒಂದು ಪುಟದ ಪಾಂಡಿತ್ಯ. ಈಗ ಓದಿದರೆ ಮುಜುಗರವಾಗುತ್ತದೆ. ಸೊಣ್ಣಪ್ಪ ಮಾತ್ರ ಒಂದಕ್ಷರವನ್ನೂ ಬರೆದಿರಲಿಲ್ಲ. ಕೇಳಿದರೆ, ‘ಅವರ ಸದ್ದು ಇನ್ನೊಂದ್ ಕಿತ ಕೇಳ್ದಾಗ ಬರೀತೀನಿ’ ಎನ್ನುತ್ತಿದ್ದ.

ಕಳೆದ ವರ್ಷದ ಕಚೇರಿಗೆ ಬರುವ ಹೊತ್ತಿಗೆ ಶ್ಯಾಮಲಮ್ಮನವರ ಕಿವಿ ಮಂದವಾಗತೊಡಗಿತ್ತು. ಉಳಿದದ್ದೂ ಹೆಚ್ಚು ದಿನ ಇರುವುದಿಲ್ಲವೆಂದು ವೈದ್ಯರು ಹೇಳಿದ್ದರು. ದೀಪ ಹಚ್ಚಲು ವೇದಿಕೆಗೆ ಬಂದ ಆ ತಾಯಿ ದೀಪ ಹಚ್ಚಿದರು. ಆಮೇಲೆ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ವಾದ್ಯದ ಹಾರವನ್ನು ತೆಗೆದು ಪಕ್ಕಕ್ಕಿಟ್ಟು, ತಂಡದಲ್ಲಿ ನಿಂತಿದ್ದ ವನಿತಾಳನ್ನು ಕರೆದರು. ವನಿತಾ ವೆಂಕಟೇಶಪ್ಪನವರ ಕೊನೆಯ ಶಿಷ್ಯೆ, ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿ. ‘ಇದನ್ನ ನುಡ್ಸಮ್ಮ. ಅವರು ಮೊದ್ಲು ಎಳೀತಿದ್ರಲ್ಲ, ಅದನ್ನ. ಪೂರಾ ಕಿವಿ ವೋಗೋಕ್ ಮುಂಚೆ ಒಂದ್ಸಲ ಕೇಳ್ಬುಡ್ತೀನಿ.’ ಸೊಣ್ಣಪ್ಪ ತಿರುಪುಳಿಯನ್ನು ಊರಿದ.

ವನಿತಾ ಗುರುವಿನ ವಾದ್ಯಕ್ಕೆ ಕೈಮುಗಿದು, ತಂತಿ ಬಿಗಿಯುವ ಬಿರಡೆ ತಿರುಗಿಸಿ, ಗುರುವಿನ ಕಮಾನನ್ನೇ ಎತ್ತಿ ದಪ್ಪ ತಂತಿಯ ಮೇಲೆ ಎಳೆದಳು. ಸದ್ದು ಬರಲಿಲ್ಲ. ಕಮಾನು ಮಂಜುಗಡ್ಡೆಯ ಮೇಲೆ ಕಾಲಿಟ್ಟಂತೆ ಜಾರಿಹೋಯಿತು. ಮತ್ತೆ ಎಳೆದಳು, ಸೀಳು ಉಸಿರಿನಂಥದ್ದೇನೋ ಬಂದು ನಿಂತಿತು. ಅವಳು ತಂತಿಯನ್ನು ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ಹಿಡಿದು, ‘ಎಣ್ಣೆ’ ಎಂದಳು. ಮೈಕಿನಲ್ಲಿ ಆ ಮಾತು ಇಡೀ ಮಂಟಪಕ್ಕೆ ಕೇಳಿಸಿತು.

ಸೊಣ್ಣಪ್ಪ ಎದ್ದು ನಿಂತ. ‘ನಾನೇ ಹಾಕ್ದೋನು’ ಎಂದ. ತಂತಿ ತುಕ್ಕು ಹಿಡಿಯಬಾರದೆಂದು ವಾರ ವಾರವೂ ಹೊಲಿಗೆ ಯಂತ್ರದ ಎಣ್ಣೆ. ಕಮಾನಿನ ಕುದುರೆಕೂದಲಿಗೆ ಹತ್ತಿದ್ದ ಅಂಟನ್ನು ಕೊಳೆಯೆಂದು ತಿಳಿದು ಸೀಮೆಎಣ್ಣೆಯಲ್ಲಿ ತೊಳೆದು, ಕೂದಲು ಒಣಗಿ ತುಂಡಾಗಬಾರದೆಂದು ಅದಕ್ಕೂ ಎಣ್ಣೆಯ ಕೈ. ಆ ಅಂಟು ರಾಳ. ರಾಳ ಹಿಡಿದ ಕೂದಲು ತಂತಿಯನ್ನು ಕಚ್ಚಿ ಎಳೆದರೆ ತಾನೇ ಸ್ವರ ಹುಟ್ಟುವುದು! ಆರು ವರ್ಷ, ಮುನ್ನೂರು ಶುಕ್ರವಾರ, ಅವನು ತನ್ನ ಕೈಯಾರೆ ಆ ವಾದ್ಯದ ಬಾಯಿ ಕಟ್ಟಿದ್ದ. ಕಚೇರಿಯ ಹೊಣೆ ಹೊತ್ತ ಭೈರೇಶ್ ಒಳ್ಳೆಯ ಮನುಷ್ಯ, ಆದರೆ ಮೂಗಿನ ತುದಿಯಲ್ಲಿ ಕೋಪ. ‘ಬುದ್ಧಿಗಿದ್ದಿ ಐತಾ ಸೊಣ್ಣಣ್ಣ? ಅದೇನ್ ಲೇತು ಮಿಷನ್ನಾ?’ ಎಂದು ಎಲ್ಲರೆದುರು ಕೂಗಿಬಿಟ್ಟ. ಸೊಣ್ಣಪ್ಪ ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟ, ಅದರ ಮೇಲೆ ನೋಟ್ ಪುಸ್ತಕ, ಅದರ ಮೇಲೆ ತಿರುಪುಳಿ. ಹೊರಟುಹೋದ. ಕಚೇರಿ ವನಿತಾಳ ಸ್ವಂತ ವಾದ್ಯದ ಮೇಲೆ ನಡೆಯಿತು. ಅಂದು ಬಾಗಿಲಲ್ಲಿ ಅಭಿಪ್ರಾಯ ಕೇಳುವವರೇ ಇರಲಿಲ್ಲ.

ಮೂರು ಶುಕ್ರವಾರ ಅವನು ಬರಲಿಲ್ಲ. ನಾಲ್ಕನೆಯ ಗುರುವಾರ ಶ್ಯಾಮಲಮ್ಮನವರು ನನ್ನನ್ನು ಕರೆಸಿ ಅವನು ಬಿಟ್ಟುಹೋಗಿದ್ದ ಕೋಟು, ಪುಸ್ತಕ, ತಿರುಪುಳಿಯ ಗಂಟನ್ನು ಕೈಗಿಟ್ಟರು. ‘ಕೊಟ್ಟು ಬರ್ಬೇಡಿ, ಕರ್ಕೊಂಡ್ ಬನ್ನಿ’ ಎಂದರು. ಗುಮ್ಮಳಾಪುರದ ಬಸ್ಸು ಹಿಡಿದು ಹೋದೆ. ಸೊಣ್ಣಪ್ಪ ಪಂಪ್‌ಸೆಟ್ಟಿನ ಮುಂದೆ ಕೂತಿದ್ದ. ನನ್ನ ಕೈಯ ಗಂಟನ್ನು ನೋಡಿ ಮುಖ ತಿರುಗಿಸಿದ.

‘ನಾನ್ ಬರಲ್ಲ ಮೇಷ್ಟ್ರೇ. ಯಾವ್ ಮಕ ಇಟ್ಕೊಂಡ್ ಬರ್ಲಿ? ಮೂವತ್ತೊಂದು ವರ್ಸ ಎಲ್ಲಿ ಉಜ್ತದೋ ಅಲ್ಲಿ ಎಣ್ಣೆ ಹಾಕೋದೇ ನನ್ ಕೆಲ್ಸ. ಉಜ್ಜುದ್ರೆ ಸವೀತದೆ, ಸವುದ್ರೆ ಸಾಯ್ತದೆ. ಅದೊಂದೇ ನಾನ್ ಕಲ್ತಿದ್ದು. ಉಜ್ಜುದ್ರೇನೇ ಜೀವ ಬರೋ ವಸ್ತು ಲೋಕದಾಗೆ ಒಂದೈತೆ ಅಂತ ನಂಗ್ಯಾರ್ ಯೋಳಿದ್ರು?’

ಮಾತಿನ ಕೊನೆಗೆ ಅವನು ‘ಕೇಳುಸ್ತಾ?’ ಎನ್ನಲಿಲ್ಲ. ‘ಆಯಮ್ಮನ ಕಿವಿ ದಿನೇ ದಿನೇ ಹೋಗ್ತಿದೆ, ಸೊಣ್ಣಪ್ಪ. ನಿನ್ನ ನಾಚಿಕೆಗೆ ಪುರುಸೊತ್ತಿದೆ, ಆ ಕಿವಿಗೆ ಇಲ್ಲ’ ಎಂದೆ. ಅವನು ಪಂಪು ನಿಲ್ಲಿಸಿ, ಎದ್ದು ಕೈಕಾಲು ತೊಳೆದುಕೊಂಡ.

ಮರುದಿನ ಶುಕ್ರವಾರ, ಶ್ಯಾಮಲಮ್ಮನವರ ನಡುಮನೆ. ವನಿತಾಳಿಗೆ ವಾರದ ರಜೆ. ಅವಳು ಹೇಳಿಕೊಟ್ಟಂತೆ ಸೊಣ್ಣಪ್ಪನೇ ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ನಾಲ್ಕು ತಂತಿಗಳನ್ನೂ ಅಡಿಯಿಂದ ಮುಡಿಯವರೆಗೆ ಒರೆಸಿದ. ಹತ್ತಿ ಕಪ್ಪಾಗುತ್ತಿದ್ದಂತೆ ತೆಗೆದು ಹೊಸದು ಹಿಡಿದ. ಹಳೆಯ ಕಮಾನಿಗೆ ಬೇರೆ ಕೂದಲು ಕಟ್ಟಿಸಬೇಕಾಗಿದ್ದರಿಂದ ವನಿತಾ ತನ್ನ ಕಮಾನನ್ನು ತಂದಿದ್ದಳು. ರಾಳದ ಬಿಲ್ಲೆಯನ್ನು ಅವನ ಕೈಗೆ ಕೊಟ್ಟು, ‘ನೀವೇ ಹಚ್ಚಿ ತಾತ’ ಎಂದಳು. ಬದುಕಿಡೀ ಯಾವುದರ ವಿರುದ್ಧ ಹೋರಾಡಿದನೋ ಅದನ್ನೇ ಆ ಮನುಷ್ಯ ಪ್ರಸಾದದಂತೆ ಹಿಡಿದು, ಕೂದಲಿನುದ್ದಕ್ಕೂ ಉಜ್ಜಿದ.

ವನಿತಾ ಎಳೆದಳು. ಮೊದಲು ಗೊರಗೊರ; ಆಮೇಲೆ, ನೆಲದಡಿಯಿಂದ ಏಳುವ ಹಾಗೆ, ಆ ಸ್ವರ. ಕಿಟಕಿಯ ಗಾಜು ಮೆಲ್ಲನೆ ಅದುರಿತು. ಕುರ್ಚಿಯಲ್ಲಿ ಕೂತಿದ್ದ ಶ್ಯಾಮಲಮ್ಮನವರು ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದರು, ಇನ್ನಷ್ಟು ಬಾಗಿದರು, ಕೊನೆಗೆ ಕೈ ಇಳಿಸಿಬಿಟ್ಟರು. ‘ಇಲ್ಲ ಕಣಮ್ಮ. ಕೇಳುಸ್ತಿಲ್ಲ.’

ಸೊಣ್ಣಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಗೂಟಕ್ಕೆ ತಗುಲಿಹಾಕಿದ್ದ ಕೋಟಿನಿಂದ ತಿರುಪುಳಿ ತೆಗೆದ. ಅವರ ಕುರ್ಚಿಯನ್ನು ವಾದ್ಯದ ಹತ್ತಿರಕ್ಕೆ ಎಳೆದು, ಮೊನೆಗೆ ಬಟ್ಟೆ ಸುತ್ತಿ ವಾದ್ಯದ ಅಂಚಿಗೆ ಆನಿಸಿ, ಹಿಡಿಯನ್ನು ಅವರ ಕಿವಿಯ ಹಿಂದಿನ ಎಲುಬಿಗೆ ಒತ್ತಿದ. ‘ಎಳಿಯಮ್ಮ’ ಎಂದ. ವನಿತಾ ಎಳೆದಳು. ಶ್ಯಾಮಲಮ್ಮನವರ ಕಣ್ಣು ಮುಚ್ಚಿಕೊಂಡವು. ಕಮಾನು ತುದಿ ಮುಟ್ಟಿ ಹಿಂತಿರುಗಿತು, ಮತ್ತೆ ತುದಿ ಮುಟ್ಟಿತು.

‘ಅಕ್ಕಾ, ಕೇಳುಸ್ತಾ?’

ಶ್ಯಾಮಲಮ್ಮನವರು ಕಣ್ಣು ತೆರೆದರು. ‘ಅವರ ಕೈ ಅಲ್ಲ’ ಎಂದರು. ‘ಮರ ಅದೇ. ಕೇಳುಸ್ತು ಕಣಪ್ಪ.’ ಅವನ ಕೈಯನ್ನು ತಿರುಪುಳಿಯ ಸಮೇತ ಹಿಡಿದುಕೊಂಡು ಅತ್ತರು. ಅವನೂ ಅತ್ತ. ಬಿಂಕವೇಕೆ, ನಾನೂ ಅತ್ತೆ.

ಹೊರಡುವ ಮುಂಚೆ ಸೊಣ್ಣಪ್ಪ ನೋಟ್ ಪುಸ್ತಕ ತೆಗೆದು, ಗೋಡೆಗೆ ಒರಗಿ, ಬಹಳ ಕಷ್ಟಪಟ್ಟು ಏನನ್ನೋ ಬರೆದ. ಆ ಪುಸ್ತಕದಲ್ಲಿ ಅವನ ಹೆಸರಿನ ಕೆಳಗಿರುವುದು ಅದೊಂದೇ ಅಭಿಪ್ರಾಯ: ‘ಇದಕ್ಕೆ ಎಣ್ಣೆ ಹಾಕಬಾರದು. ದಿನಾ ಉಜ್ಜಬೇಕು.’ ಈ ಮಾಘದಲ್ಲಿ ಆ ವಾದ್ಯಕ್ಕೆ ಯಾರೂ ಹಾರ ಹಾಕಲಿಲ್ಲ. ಕಚೇರಿಯುದ್ದಕ್ಕೂ ಅದು ವನಿತಾಳ ಕೈಯಲ್ಲಿತ್ತು. ವೇದಿಕೆಯ ಎಡಮೂಲೆಯಲ್ಲಿ ಈ ಸಲ ತಿರುಪುಳಿಗಳು ಎರಡಿದ್ದವು, ಎರಡನೆಯದರ ಹಿಡಿ ಶ್ಯಾಮಲಮ್ಮನವರ ಕಿವಿಯ ಹಿಂದೆ.

ಅಭಿಮಾನಿಗಳೆಂಬ ಜಾತಿಯೇ ಹೀಗೆ. ಪ್ರೀತಿಸಿದವರು ಹೋದ ಮೇಲೆ, ಅವರು ಬಿಟ್ಟುಹೋದದ್ದರ ಮೇಲೆ ಗಾಳಿಯೂ ಸೋಕದಂತೆ, ಒಂದು ಗೀರೂ ಬೀಳದಂತೆ ಎಣ್ಣೆ ಹಚ್ಚಿ ಹಚ್ಚಿ ಕಾಯುತ್ತೇವೆ; ನಮ್ಮ ಕಾವಲಿನಲ್ಲೇ ಅದು ಮೂಕವಾಗುವುದು ನಮಗೆ ತಿಳಿಯುವುದಿಲ್ಲ. ಸಾವಿರಕ್ಕೊಬ್ಬ ಸೊಣ್ಣಪ್ಪ ತುಂಬಿದ ಸಭೆಯಲ್ಲಿ ಎದ್ದು ‘ನಾನೇ ಹಾಕ್ದೋನು’ ಎನ್ನುತ್ತಾನೆ, ಹಚ್ಚಿದ್ದನ್ನು ತನ್ನ ಕೈಯಿಂದಲೇ ಒರೆಸುತ್ತಾನೆ. ಆ ತಂತಿಗಳು ಇನ್ನು ಸವೆಯುತ್ತವೆ. ಸವೆಯಲಿ.