ಸಿಡಿಲವೀರನ ತಿಥಿ

ಪಾಂಡವಪುರ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ನಾಗಾರ್ಜುನ ಹೊಸ ಕಾಮಿಕ್ಸನ್ನು ಮೇಜಿನ ಮೇಲೆ ಕುಕ್ಕಿದ. ಹೋದ ತಿಂಗಳ ಸಂಚಿಕೆಯಲ್ಲಿ ಸತ್ತಿದ್ದ ಸಿಡಿಲವೀರ ಈ ತಿಂಗಳು ಎದ್ದು ಬಂದಿದ್ದ.

“ಸತ್ತೋನು ಸತ್ತಂಗಿರ್ಬೇಕು ಕಣ್ಲಾ! ಅನ್ನೊಂದ್ನೇ ದಿನ ವಡೆ, ಪಾಯ್ಸ ಮಾಡ್ಸಿ ಬೀದಿಗೆಲ್ಲಾ ಉಣ್ಣಾಕಿಕ್ಕಿವ್ನಿ!”

“ಸತ್ತಿರ್ನಿಲ್ವಂತೆ ಕಣ್ಲಾ. ಬೇರೆ ಲೋಕಕ್ಕೋಗಿದ್ನಂತೆ,” ಎಂದ ಗೆಳೆಯ ಚಲುವರಾಜು.

“ಸತ್ತೋರೆಲ್ಲಾ ಓಗೋದು ಬೇರೆ ಲೋಕಕ್ಕೇ ಅಲ್ವೇನ್ಲಾ?”

ಪುಸ್ತಕ ಕೊಳ್ಳಲು ಬಂದಿದ್ದ, ಕಾಮಿಕ್ಸಿಗೆ ಹೊಸಬನಾದ ಗುಮಾಸ್ತ ಚೈತನ್ಯ ನಾಗಾರ್ಜುನನನ್ನು ಮೆಲ್ಲಗೆ ಕೇಳಿದ, “ಅಣ್ಣ, ನಾನು ಯಾವ ಪುಸ್ತಕದಿಂದ ಸುರು ಮಾಡ್ಲಿ?”

“ಯಾವ್ದೂ ಬ್ಯಾಡ. ಸುಮ್ಕೆ ಮನೆಗೋಗು.”

ಸಿಟ್ಟಿಗೆ ನಾಗಾರ್ಜುನನ ಕೈ ಮೀಸೆಗೆ ಹೋಯಿತು. ಮೀಸೆ ಇರಲಿಲ್ಲ. ಅಪ್ಪ ಸತ್ತಾಗ ತೆಗೆಸುವ ಮೀಸೆಯನ್ನು ಅವನು ಸಿಡಿಲವೀರನ ತಿಥಿಗೇ ತೆಗೆಸಿಬಿಟ್ಟಿದ್ದ. ಅಂದಿನಿಂದ ಅಪ್ಪ ಮಂಚಯ್ಯ ಅವನೊಡನೆ ಮಾತು ಬಿಟ್ಟಿದ್ದ.

ಮನೆಗೆ ಬಂದವನೇ ಜಗಲಿಯ ಮೇಲೆ ಕೂತಿದ್ದ ಅಪ್ಪನ ಮುಂದೆ ಪುಸ್ತಕ ಹಿಡಿದ.

“ಇವ್ನು ಬದ್ಕವ್ನೆ ಕಣಪ್ಪ.”

ಮಂಚಯ್ಯ ಪುಸ್ತಕ ನೋಡಲಿಲ್ಲ. ಮಗನ ಬೋಳು ಮುಖವನ್ನೇ ನೋಡಿದ.

“ನಾನೂ ಬದ್ಕಿವ್ನಿ ಕಣ್ಲಾ.”