ಮೂಲೆಯಲ್ಲಿ ಬಂದು ಹೋದ ಸೂಚನೆ

ಗುಬ್ಬಿಯಲ್ಲಿ ಕಲ್ಯಾಣ ಮಂಟಪ ಇಟ್ಟಿರುವ ಲಕ್ಷ್ಮೀನರಸಿಂಹಯ್ಯನವರಿಗೆ ಯಾರಾದರೂ ತಡೆದರೆ ಮೈಯೆಲ್ಲ ಉರಿ. ಕಂಪ್ಯೂಟರ್ ತಡೆದರಂತೂ ಕೇಳುವುದೇ ಬೇಡ. ಅವರ ಬುಕಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟವಳು ನಾನು. ಏನೇ ಹೇಳಬೇಕಿದ್ದರೂ ಅದರಲ್ಲಿ ಪರದೆಯ ನಡುವೆ ಒಂದು ಪೆಟ್ಟಿಗೆ ಬಂದು ಕೂರುತ್ತಿತ್ತು. ಅದಕ್ಕೆ ಉತ್ತರ ಕೊಡುವ ತನಕ ಮುಂದಿನ ಕೆಲಸ ನಡೆಯುತ್ತಿರಲಿಲ್ಲ.

ತುಮಕೂರಿನ ನಮ್ಮ ಆಫೀಸಿಗೇ ಬಂದು ಕೂಗಾಡಿದರು. "ನನ್ ಛತ್ರ, ನನ್ ಕಂಪ್ಯೂಟ್ರು. ನನ್ನೇ ನಿಲ್ಸಿ ಕೇಳ್ತದೇನಮ್ಮ? ಹೇಳೋದಿದ್ರೆ ಮೂಲೇಲಿ ಹೇಳ್ಬುಟ್ಟು ಹೋಗ್ಲಿ!"

ಅರ್ಧ ನ್ಯಾಯವಾದ ಮಾತೇ. ಸೇವ್ ಆಯಿತು, ಪ್ರಿಂಟ್ ಆಯಿತು ಎನ್ನುವುದಕ್ಕೆಲ್ಲ ಯಾರನ್ನೂ ನಿಲ್ಲಿಸಬೇಕಿಲ್ಲ. ಅಂಥವನ್ನೆಲ್ಲ ಕೆಳಗಿನ ಮೂಲೆಗೆ ಹಾಕಿದೆ. ಬರುತ್ತವೆ, ತಾವೇ ಹೋಗುತ್ತವೆ.

"ಒಂದೇ ದಿನಕ್ಕೆ ಎರಡು ಮದುವೆ ಬಂದ್ರೆ ಮಾತ್ರ ನಿಲ್ಸಲೇಬೇಕು ಸಾರ್," ಎಂದೆ.

"ಅಷ್ಟೂ ಗೊತ್ತಾಗ್ದಿರೋ ದಡ್ಡನಾ ನಾನು? ಅದ್ನೂ ತೆಗೀರಿ."

ತೆಗೆದೆ, ಅದೂ ಮೂಲೆಗೇ ಹೋಯಿತು. ಬಡಿವಾರಕ್ಕೆ ಮದ್ದಿಲ್ಲ.

ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಕ್ಕೆ ಅವರ ಮಗಳು ಅಕ್ಷತಾಳ ಮದುವೆ ನಿಶ್ಚಯವಾಗಿತ್ತು. ಬುಕಿಂಗ್ ಹಾಕಿದ್ದು ಅವಳೇ. ಅಪ್ಪನ ಬಾಯಲ್ಲಿ ಅದು ಯಾವಾಗಲೂ ಜ್ಯೇಷ್ಠ ಬಹುಳ ದಶಮಿ. ಅಷ್ಟರಲ್ಲಿ ಕುಣಿಗಲ್ಲಿನ ಮುಖಂಡ ಚನ್ನವೀರಯ್ಯ ತನ್ನ ಮಗನ ಮದುವೆಗೆಂದು ಫೋನ್ ಮಾಡಿ ಕ್ಯಾಲೆಂಡರಿನ ತಾರೀಖು ಹೇಳಿದ. ಎರಡೂ ಒಂದೇ ದಿನವೆಂಬುದು ಹೊಳೆಯದೆ ನಮ್ಮ ಲಕ್ಷ್ಮೀನರಸಿಂಹಯ್ಯನವರು ಎದ್ದು ನಿಂತು, ಹಲ್ಲು ಕಿರಿಯುತ್ತಾ, "ನಮ್ ಭಾಗ್ಯ ಸಾರ್" ಎನ್ನುತ್ತಲೇ ಬುಕ್ ಮಾಡಿದರು. ಆ ದಿನ ಅಕ್ಷತಾಳ ಮದುವೆಯಿದೆ ಎಂಬ ಸೂಚನೆ ಮೂಲೆಯಲ್ಲಿ ಬಂತು, ಹೋಯಿತು.

ಚನ್ನವೀರಯ್ಯನ ಮನೆಯ ಲಗ್ನಪತ್ರಿಕೆ ಊರೆಲ್ಲ ಹಂಚಿಯಾದ ಮೇಲೆ ಅಕ್ಷತಾಳ ಕೈಗೂ ಬಂತು. ಅವಳು ಅದನ್ನು ಅಪ್ಪನ ಮುಂದೆ ಹಿಡಿದಳು.

"ಅಡ್ಜಸ್ಟ್ ಮಾಡ್ಕೊಳವ್ವ," ಎಂದರು. "ಅಂಥೋರಿಗೆ ಇಲ್ಲ ಅನ್ನಕ್ಕಾಯ್ತದಾ?"

ಸ್ವಂತ ಮಂಟಪ ಇದ್ದವನ ಮಗಳಿಗೆ ಮಂಟಪವಿಲ್ಲ! ಬೇರೆ ಯಾವುದೂ ಖಾಲಿಯಿರಲಿಲ್ಲ. ಕೊನೆಗೆ ಮದುವೆ ದೇವರಾಯನದುರ್ಗದ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಯಿತು. ಅದೂ ಸಾಲದೆಂಬಂತೆ ಚನ್ನವೀರಯ್ಯ, "ನೀವೇ ಮುಂದೆ ನಿಂತು ನಡೆಸಿಕೊಡಬೇಕು" ಎಂದಾಗ ಇವನು ಅದಕ್ಕೂ ತಲೆಯಾಡಿಸಿದ್ದ. ಧಾರೆಯ ಹೊತ್ತಿಗೆ ಕಾರಿನಲ್ಲಿ ಬಂದುಬಿಡುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದ. ಇನ್ನು ಇವನಿಗೆ ನನ್ನ ಬಾಯಲ್ಲಿ ಬಹುವಚನ ಬರುವುದಿಲ್ಲ.

ನಾನೂ ಬೆಟ್ಟಕ್ಕೆ ಹೋಗಿದ್ದೆ. ಮುಹೂರ್ತ ಹತ್ತಿರ ಬಂತು. ಪುರೋಹಿತರು ದಾರಿ ನೋಡಿದರು. ಅಕ್ಷತಾಳ ಚಿಕ್ಕಪ್ಪ ಫೋನ್ ಮಾಡಿದರು. ಗುಬ್ಬಿಯ ಮಂಟಪದ ಬಾಗಿಲಲ್ಲಿ ಚನ್ನವೀರಯ್ಯನ ಬೀಗರಿಗೆ ಪನ್ನೀರು ಎರಚುತ್ತಿದ್ದ ಅಪ್ಪ, "ಇನ್ನೊಂದು ಹತ್ನಿಮಿಷ ತಡೀರಿ" ಎಂದ. ನನಗೆ ಥೂ ಎನಿಸಿತು.

"ಇನ್ನೂ ಸ್ವಲ್ಪ ಕಾಯೋಣವೇನಮ್ಮ?" ಪುರೋಹಿತರು ಕೇಳಿದರು.

ಅಕ್ಷತಾ ತಲೆ ಎತ್ತಲಿಲ್ಲ. "ಬೇಡ ಸ್ವಾಮಿ. ಚಿಕ್ಕಪ್ಪನ ಕೈಲೇ ಧಾರೆ ಎರ್ಸಿ."