ಬೇಳೆಗೆ ಗೋಪುರ, ಬೆಲ್ಲಕ್ಕೆ ಬಯಲು

ನಾನು ಒಂದು ಹಿತ್ತಾಳೆಯ ಪಾವು. ಸೇರಿನ ಕಾಲು ಭಾಗ. ಅಷ್ಟೇ ಎಂದು ಹಗುರವಾಗಿ ಕಾಣಬೇಡಿ, ನನ್ನ ಹೊಟ್ಟೆಯ ಮೇಲೆ ಸರ್ಕಾರದ ಮುದ್ರೆಯಿದೆ. ಕಂಚುಗಾರ ವೀರಾಚಾರಿ ನನ್ನನ್ನು ಎರಕ ಹೊಯ್ದು, ಬಾಯಿಗೆ ಅರ ಹಾಕಿ ಉಜ್ಜಿ, ಮುದ್ರೆ ಒತ್ತುವ ಅಧಿಕಾರಿಯ ಮುಂದಿಟ್ಟ. ಅವರು ಮೂರು ಸಲ ರಾಗಿ ತುಂಬಿಸಿ, ಮೂರು ಸಲ ಸುರಿದು ನೋಡಿ "ಸರಿಯಾಗಿದೆ" ಅಂದರು. ಆ ಮಾತನ್ನು ನಾನು ಇವತ್ತಿಗೂ ನಂಬಿದ್ದೇನೆ. ನಾನು ಸರಿಯಾಗಿಯೇ ಇದ್ದೆ. ಕೆಟ್ಟದ್ದು ಯಾರು ಎಂಬುದನ್ನು ಹೇಳುತ್ತೇನೆ, ಕೇಳಿ.

ಮೊದಲು ನಾನು ತಿಪಟೂರಿನ ಒಂದು ದಿನಸಿ ಅಂಗಡಿಯಲ್ಲಿದ್ದೆ. ಕಿಲೋ, ಗ್ರಾಂ ಬಂದವು ನೋಡಿ, ಸೇರು, ಅಚ್ಚೇರು, ಪಾವು, ಚಟಾಕು ಎಲ್ಲ ಒಂದೇ ದಿನ ಕೆಲಸ ಕಳೆದುಕೊಂಡೆವು. ಅಂಗಡಿಯವರು ನನ್ನನ್ನು ಹಿಂದಿನ ಮನೆಯ ಅಡುಗೆಕೋಣೆಗೆ ಕೊಟ್ಟರು. ಅಲ್ಲಿ ಅವರ ತಾಯಿ ಸಿದ್ದಮ್ಮನ ರಾಜ್ಯ.

ಯುಗಾದಿಗೆ ಆ ಮನೆಯಲ್ಲಿ ಇಪ್ಪತ್ತೈದು ಎಲೆ ಬೀಳುತ್ತಿತ್ತು. ಹೆಬ್ಬಾಗಿಲಿನಿಂದ ದೇವರಕೋಣೆಯವರೆಗೆ ಉದ್ದ ಪಂಕ್ತಿ. ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಕಣ್ಣು ಕೆಂಪಾದ ಮಕ್ಕಳು ಹೊಸ ಬಟ್ಟೆಯಲ್ಲಿ ಅಡುಗೆಕೋಣೆ ಹೊಸಿಲಲ್ಲೇ ಠಿಕಾಣಿ ಹಾಕುತ್ತಿದ್ದವು. ಒಬ್ಬಟ್ಟಿನ ಹೂರಣಕ್ಕೆ ಸಿದ್ದಮ್ಮನದು ಒಂದೇ ಲೆಕ್ಕ: "ಬೇಳೆಗೆ ಗೋಪುರ, ಬೆಲ್ಲಕ್ಕೆ ಬಯಲು." ತೊಗರಿಬೇಳೆಯನ್ನು ನನ್ನ ಬಾಯಿಯ ಮೇಲೆ ಗೋಪುರ ಏಳುವಂತೆ ತುಂಬಬೇಕು. ಕುಟ್ಟಿದ ಬೆಲ್ಲವನ್ನು ಅಂಗೈಯಿಂದ ಸವರಿ ಸಮ ಮಾಡಬೇಕು. ಇದನ್ನು ಮಕ್ಕಳು ಪದದ ಹಾಗೆ ಹಾಡುತ್ತಿದ್ದವು. ರುಬ್ಬಿದ ಮೇಲೆ ಒರಳಿಗಂಟಿದ ಹೂರಣವನ್ನು ಅಜ್ಜಿ ನನ್ನೊಳಗೆ ಬಳಿದು ಕೊಟ್ಟರೆ, ಐದು ಬೆರಳು ಒಟ್ಟಿಗೆ ನನ್ನೊಳಗೆ ನುಗ್ಗುತ್ತಿದ್ದವು. ಆ ಮಕ್ಕಳಲ್ಲಿ ನನ್ನ ತಳದವರೆಗೂ ಬಿಡದೆ ನೆಕ್ಕುತ್ತಿದ್ದವಳು ಮೊಮ್ಮಗಳು ಪಂಕಜ. ಅವಳ ಪುಟ್ಟ ಬೆರಳೆಂದರೆ ನನಗೆ ಪ್ರಾಣ.

ಪಂಕಜಳ ತಾಯಿ ಗಂಗಾಂಬಿಕೆ ಹಿರೀಸೊಸೆ. ಹದಿನಾಲ್ಕು ವರ್ಷ ಆ ಮನೆಯ ಹೊಗೆ ಕುಡಿದವಳು. ಬೆಲ್ಲದಚ್ಚು ಒಡೆಯಲು ಗುಂಡುಕಲ್ಲು ಹುಡುಕುವ ಸೋಮಾರಿತನಕ್ಕೆ ನನ್ನ ತಳದಿಂದಲೇ ಕುಟ್ಟಿ ಕುಟ್ಟಿ, ತಳ ಒಳಕ್ಕೆ ಉಬ್ಬುವಂತೆ ಮಾಡಿದವಳೂ ಅವಳೇ. ಅದಕ್ಕೆ ನನಗೆ ಬೇಸರವಿರಲಿಲ್ಲ. ದುಡಿಯುವ ಕೈ, ಪಾಪ, ಅಂದುಕೊಂಡಿದ್ದೆ.

ಸಿದ್ದಮ್ಮನಿಗೆ ಕಣ್ಣಿಗೆ ಪೊರೆ ಬಂತು. ಹಬ್ಬದ ಒಲೆ ಯಾರ ಕೈಗೆ ಎಂಬ ಮಾತೆದ್ದಿತು. ತನಗೇ ಎಂದು ಗಂಗಾಂಬಿಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಆ ವರ್ಷವೇ ಕಿರೀಸೊಸೆ ದಾಕ್ಷಾಯಣಿ ಬಂದಿದ್ದಳು. ಹತ್ತೊಂಬತ್ತರ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸು. ಅವಳು ಮಾಡಿದ ಸಾರು ಉಂಡು ಮುದುಕಿ, "ಈ ಸಲ ಹೂರಣ ದಾಕ್ಷಾಯಣಿ ಮಾಡ್ಲಿ ಕಣವ್ವ. ಕೈ ಹದ ನೋಡಾನ, ಚೆನ್ನಾಗಿದ್ರೆ ಹಬ್ಬದ ಒಲೆ ಅವಳಿಗೇ," ಅಂದುಬಿಟ್ಟಳು. ಗಂಗಾಂಬಿಕೆ ನಕ್ಕಳು. ಆ ನಗು ನನಗೆ ಸರಿಬೀಳಲಿಲ್ಲ.

ಯುಗಾದಿಯ ಬೆಳಿಗ್ಗೆ ದಾಕ್ಷಾಯಣಿ ನನ್ನನ್ನು ಕೈಗೆತ್ತಿಕೊಂಡಳು. ಗಂಗಾಂಬಿಕೆಯತ್ತ ತಿರುಗಿದಳು. "ಅಕ್ಕಾ, ಅಳತೆ ಹೆಂಗೆ?"

"ಬೇಳೆ ತಲೆ ಸವರು. ಬೆಲ್ಲ ಮಾತ್ರ ಗೋಪುರ ಹಾಕು. ಒಬ್ಬಟ್ಟು ಅಂದ್ಮೇಲೆ ಸಿಹಿ ಮುಂದಿರಬೇಕು," ಅಂದಳು ಗಂಗಾಂಬಿಕೆ.

ಹೊಸಿಲ ಮೇಲಿದ್ದ ಎಂಟು ವರ್ಷದ ಪಂಕಜ ಥಟ್ಟನೆ ಬಾಯಿ ತೆರೆದಳು. "ಅಮ್ಮಾ, ಅಜ್ಜಿ ಹೇಳೋದು ಬೇಳೆಗೆ..." ಅಷ್ಟರಲ್ಲಿ ತಾಯಿ ಒಂದು ದೊಡ್ಡ ಬೆಲ್ಲದುಂಡೆ ತೆಗೆದು ಅವಳ ಬಾಯಿಗೆ ತುರುಕಿದಳು. "ತಿನ್ನು ಮಗಾ. ಆಮೇಲೆ ಇನ್ನೊಂದು ಕೊಡ್ತೀನಿ."

ಮಗು ಬೆಲ್ಲ ಚೀಪುತ್ತಾ ಸುಮ್ಮನಾಯಿತು. ನಾನಂತೂ ಹುಟ್ಟಾ ಮೂಕ. ನನ್ನೊಳಗೆ ಬೇಳೆ ಸಮವಾಗಿ ಬಿತ್ತು, ಬೆಲ್ಲ ಗೋಪುರವಾಗಿ ಬಿತ್ತು, ಎಂಟೆಂಟು ಸಲ. ಹೂರಣ ನೀರಾಯಿತು. ಇನ್ನಷ್ಟು ಹೊತ್ತು ಒಲೆಗಿಟ್ಟು ಕೈಯಾಡಿಸಿದ್ದರೆ ಗಟ್ಟಿಯಾಗುತ್ತಿತ್ತು. ಹೇಳಬೇಕಾದವಳು ಹೇಳಲಿಲ್ಲ. ಪಂಕ್ತಿ ಕೂತಾಗಿತ್ತು. ಒಬ್ಬಟ್ಟು ಕಾವಲಿಯ ಮೇಲೆ ಒಡೆದು, ಬೆಲ್ಲ ಸೀದು, ಮನೆಯೆಲ್ಲ ಕಮಟು ಹೊಗೆ. ಸಿದ್ದಮ್ಮನ ತಮ್ಮ ಎಲೆಯಿಂದ ಬೆರಳೆತ್ತಿ, "ಓದಿರೋ ಸೊಸೆ ತಂದ್ರೆ ಒಬ್ಬಟ್ನ ಲೋಟದಾಗೆ ಕುಡೀಬೇಕು ಕಣಕ್ಕಾ," ಅಂದ. ಎಲ್ಲರೂ ನಕ್ಕರು. ದಾಕ್ಷಾಯಣಿಯ ಗಂಡನೂ ನಕ್ಕ.

ಅವಳು ಒಲೆಯ ಮುಂದೆ ಕುಸಿದು, "ಅಕ್ಕಾ, ನೀವು ಹೇಳ್ದಂಗೇ ಅಳೆದ್ನಲ್ಲ," ಅಂದಳು. ಸಿದ್ದಮ್ಮನ ಕಿವಿ ಇತ್ತ ತಿರುಗಿತು. ಆಗ ಗಂಗಾಂಬಿಕೆ ನನ್ನನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಬೋರಲು ಹಿಡಿದಳು.

"ಹುಡುಗೀದೇನೂ ತಪ್ಪಿಲ್ಲ ಅತ್ತೆ. ಈ ದರಿದ್ರ ಪಾವೇ ಕೆಟ್ಟೋಗಿದೆ. ತಳ ನೋಡಿ, ಹೆಂಗೆ ಒಳಕ್ಕೋಗಿದೆ! ಅಳತೆ ಎಲ್ಲಿ ನಿಲ್ತದೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಸಿದವಳೇ ಹಾಗಂದಳು. ನನ್ನ ತಳ ಒಳಕ್ಕೆ ಹೋಗಿದ್ದರೆ ಬೇಳೆಗೂ ಅಷ್ಟೇ ಕಡಿಮೆ, ಬೆಲ್ಲಕ್ಕೂ ಅಷ್ಟೇ ಕಡಿಮೆ. ಎರಡನ್ನೂ ಅಳೆದದ್ದು ನನ್ನಲ್ಲೇ ಅಲ್ಲವೇ? ಇಪ್ಪತ್ತೈದು ಎಲೆಯ ಮುಂದೆ ಕೂತವರಲ್ಲಿ ಒಬ್ಬರಿಗಾದರೂ ಅದು ಹೊಳೆಯಬಾರದೇ! ಹೊಟ್ಟೆ ಮೇಲೆ ಮುದ್ರೆ ಹೊತ್ತುಕೊಂಡು ನಾನು ಕಳ್ಳನಾದೆ. ದಾಕ್ಷಾಯಣಿ ಮಾತ್ರ ಓರಗಿತ್ತಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನನ್ನ ಮಾನ ಉಳಿಸಿದ್ರಿ ಅಕ್ಕಾ." ನನ್ನನ್ನು ಕುಟ್ಟಿದಾಗಲೂ ಅಷ್ಟು ನೋವಾಗಿರಲಿಲ್ಲ.

ಹಬ್ಬದ ಒಲೆ ಗಂಗಾಂಬಿಕೆಗೆ ಸಿಕ್ಕಿತು. ನಾನು ಬಚ್ಚಲಿಗೆ ಹೋದೆ, ಸೀಗೆಪುಡಿ ತುಂಬಿಕೊಳ್ಳಲು. ಆಮೇಲಿನ ಯುಗಾದಿಗಳೆಲ್ಲ ನನಗೆ ಗೋಡೆಯಾಚೆಯ ಘಮ ಮಾತ್ರ. ದಾಕ್ಷಾಯಣಿ ಮತ್ತೆಂದೂ ಹೂರಣ ಮುಟ್ಟಲಿಲ್ಲ. ಪ್ರತಿ ಹಬ್ಬದಲ್ಲೂ ಬಚ್ಚಲ ಪಕ್ಕದ ಕಲ್ಲಿನ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಅವಳ ಕಣ್ಣಲ್ಲಿ ನಾನೇ ಅಪರಾಧಿ.

ಸಿದ್ದಮ್ಮ ಹೋದಳು. ಅಣ್ಣತಮ್ಮಂದಿರು ಬೇರೆಯಾದರು. ಗಂಗಾಂಬಿಕೆಯೂ ಹೋದ ಮೇಲೆ, ಪಂಕಜ ನನ್ನನ್ನು ತುಮಕೂರಿನ ತನ್ನ ಮನೆಗೆ ತಂದು ಹುಣಸೆಹಣ್ಣಿನಲ್ಲಿ ತಿಕ್ಕಿದಳು. ಅವಳ ಬೆರಳು ಐವತ್ತು ವರ್ಷದ ಮೇಲೆ ನನ್ನ ತಳ ಮುಟ್ಟಿದಾಗ, ಸತ್ಯ ಹೇಳುವವಳು ಬಂದಳು ಅಂದುಕೊಂಡೆ. ಅವಳು ನನ್ನೊಳಗೆ ಪ್ಲಾಸ್ಟಿಕ್ ಗುಲಾಬಿ ಸಿಕ್ಕಿಸಿ, ಷೋಕೇಸಿನಲ್ಲಿ ತಾಯಿಯ ಫೋಟೋದ ಪಕ್ಕ ಇಟ್ಟಳು.

ಮೊನ್ನೆ ಯುಗಾದಿಗೆ ದಾಕ್ಷಾಯಣಿ ಬಂದಿದ್ದಳು. ಎಪ್ಪತ್ತೈದು ದಾಟಿದ ಮುದುಕಿ. ಒಬ್ಬಟ್ಟು ಅಂಗಡಿಯಿಂದ ಡಬ್ಬಿಯಲ್ಲಿ ಬಂದಿತ್ತು. ಅವಳು ಷೋಕೇಸಿನ ಮುಂದೆ ನಿಂತು, ಹೂ ತೆಗೆದು, ನನ್ನೊಳಗೆ ಬೆರಳಾಡಿಸಿದಳು. ತಳದ ಉಬ್ಬು ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

"ಪಂಕಜಾ," ಅಂದಳು ಮೆಲ್ಲಗೆ. "ತಳ ಒಳಕ್ಕೋಗಿದ್ರೆ ಬೇಳೇಗೂ ಕಮ್ಮಿ, ಬೆಲ್ಲಕ್ಕೂ ಕಮ್ಮೀನೇ ಅಲ್ವೇನೇ? ಅಜ್ಜಿ ಏನೋ ಒಂದು ಹೇಳೋರು, ನೀವೆಲ್ಲ ಹಾಡೋರು. ಏನದು? ಬೇಳೆಗೆ..."

ಹೇಳು ಮಗು, ಅಂದೆ. ನನ್ನ ಹಿತ್ತಾಳೆಯೆಲ್ಲ ಕಿವಿಯಾಯಿತು. ನಾಲ್ಕೇ ನಾಲ್ಕು ಮಾತು.

ಪಂಕಜ ತಾಯಿಯ ಫೋಟೋ ನೋಡಿದಳು. ನನ್ನನ್ನು ನೋಡಿದಳು. ಅವಳಿಗೆ ನೆನಪಿತ್ತು, ಆಣೆ ಮಾಡಿ ಹೇಳುತ್ತೇನೆ, ನೆನಪಿತ್ತು. ಆಮೇಲೆ ಡಬ್ಬಿಯಿಂದ ಒಬ್ಬಟ್ಟು ತೆಗೆದು, ತುಪ್ಪದಲ್ಲದ್ದಿ, ಒಂದು ದೊಡ್ಡ ತುಂಡು ಮುರಿದು ಚಿಕ್ಕಮ್ಮನ ಬಾಯಿಗೇ ಇಟ್ಟಳು.

"ತಿನ್ನಿ ಚಿಕ್ಕಮ್ಮ. ಆಮೇಲೆ ಇನ್ನೊಂದು ಕೊಡ್ತೀನಿ."